ಹಳೇ ಎಂಜಿನ್‌ಗೆ ನೈಟ್ರಸ್ ಹಾಕಿಸುವ ಮುಂಚೆ ಇದನ್ನು ಓದಿ

ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಕಾರಿಗೆ ನೈಟ್ರಸ್ ಕಿಟ್ (ಎಂಜಿನ್‌ಗೆ ನೈಟ್ರಸ್ ಆಕ್ಸೈಡ್ ಅನಿಲ ಬಿಟ್ಟು ಪವರ್ ಏರಿಸುವ ಸಾಧನ) ಹಾಕಿಸುವ ಯೋಚನೆ ಇದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ನನ್ನ ತಮ್ಮನ ಹಳೇ ಹೋಂಡಾ ಸಿಟಿ ವಿಟೆಕ್ ಎಂಜಿನ್ ಹೋಯಿತು. "ಏನೂ ಆಗಲ್ಲ ಸಾರ್, ಬರೀ 50ರ ಶಾಟ್" ಅಂತ ಹೇಳಿ ಕಿಟ್ ಕೂರಿಸಿದ್ದು ಬೆಂಗಳೂರಿನ ಒಂದು ಗ್ಯಾರೇಜು. 50ರ ಶಾಟ್ ಅಂದರೆ ನೈಟ್ರಸ್‌ನಿಂದ ಸಿಗುವ 50 ಕುದುರೆಶಕ್ತಿ ಹೆಚ್ಚುವರಿ ಪವರ್. ಹೆಸರು ಕೇಳಬೇಡಿ, ಹೇಳುವುದಿಲ್ಲ. ಅವರು ಏನೇನು ಮಾಡದೆ ಬಿಟ್ಟರು ಅನ್ನುವುದನ್ನು ಹೇಳುತ್ತೇನೆ.

ನೈಟ್ರಸ್ ತಾನಾಗಿ ಉರಿಯುವ ಅನಿಲವಲ್ಲ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಸುಮಾರು 23%, ಇದರಲ್ಲಿ 36%. ಸಿಲಿಂಡರಿನ ಬಿಸಿಗೆ ಅದು ಒಡೆದು ಆಮ್ಲಜನಕ ಬಿಡುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಜೊತೆಗೇ ಹೋದರೆ ಪವರ್ ಬರುತ್ತದೆ. ಹೋಗದಿದ್ದರೆ ಮಿಕ್ಸ್ಚರ್ ಲೀನ್ ಆಗಿ, ಅಂದರೆ ಪೆಟ್ರೋಲ್ ಕಮ್ಮಿಯಾಗಿ, ಪಿಸ್ಟನ್ನೇ ಬೇಯುತ್ತದೆ. 50 ಕುದುರೆ ಅಂದರೆ ಕಮ್ಮಿ ಅನಿಸುತ್ತದೆ, ಅಲ್ವಾ? ಈ ಕಾರು ಹೊಸದಾಗಿದ್ದಾಗಲೇ ಇದ್ದದ್ದು 106 ಬಿಎಚ್‌ಪಿ. ಅಮೆರಿಕದಲ್ಲಿ 5 ಲೀಟರಿನ ಮಸ್ಟ್ಯಾಂಗ್‌ಗೆ 100ರ ಶಾಟ್ ಹೊಡೆಯುವ ವಿಡಿಯೊಗಳನ್ನು ಆ ಗ್ಯಾರೇಜಿನವರು ಫೋನಿನಲ್ಲಿ ತೋರಿಸಿದ್ದರು. ಅದು ಲೀಟರಿಗೆ 20 ಕುದುರೆ ಆಯಿತು. 1.5 ಲೀಟರಿಗೆ 50 ಅಂದರೆ ಲೀಟರಿಗೆ 33. ಈ ಲೆಕ್ಕ ಮಾತ್ರ ಅವರು ತೋರಿಸಲಿಲ್ಲ.

ಏಪ್ರಿಲ್ ಮಧ್ಯಾಹ್ನ, ದಾವಣಗೆರೆ ಹತ್ತಿರ ಪರಿಚಯದವರ ಖಾಸಗಿ ಜಾಗದ ಖಾಲಿ ರಸ್ತೆ. ನಾನು ಪಕ್ಕದ ಸೀಟಿನಲ್ಲಿದ್ದೆ. ಮೂರನೇ ಗೇರಿನಲ್ಲಿ ಆರ್‌ಪಿಎಂ 4000 ದಾಟಿದ ಮೇಲೆ ತಮ್ಮ ಬಟನ್ ಒತ್ತಿದ. ಕಾರು ಎಳೆದದ್ದು ನಿಜ, ಬೆನ್ನು ಸೀಟಿಗೆ ಅಂಟಿತು. ಮರುಕ್ಷಣ ಡಬ್ಬಿಯೊಳಗೆ ಜಲ್ಲಿ ಅಲ್ಲಾಡಿಸಿದ ಸದ್ದು. ಅವನು ಕಾಲು ತೆಗೆಯುವಷ್ಟರಲ್ಲಿ ಹಿಂದೆ ನೀಲಿ ಹೊಗೆ ತುಂಬಿತ್ತು. ಬಾನೆಟ್ ಎತ್ತಿದರೆ ಆಯಿಲ್ ಡಿಪ್‌ಸ್ಟಿಕ್ ಮೇಲಕ್ಕೆ ಚಿಮ್ಮಿ, ಸುತ್ತಲೂ ಆಯಿಲ್ ಸಿಡಿದಿತ್ತು. ಅಂದರೆ ಉರಿದ ಗ್ಯಾಸ್, ಅದನ್ನು ತಡೆಯಲು ಪಿಸ್ಟನ್ ಸುತ್ತ ಇರುವ ರಿಂಗ್ ದಾಟಿ, ಕೆಳಗೆ ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿತ್ತು.

ಸ್ಪಾರ್ಕ್ ಪ್ಲಗ್‌ಗಳನ್ನು ಅಲ್ಲೇ ಬಿಚ್ಚಿದೆವು. ಮೂರನೇ ಸಿಲಿಂಡರಿನ ಪ್ಲಗ್ಗಿನ ಕೊಕ್ಕೆ ಅರ್ಧ ಕರಗಿತ್ತು. ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಬಣ್ಣದ ಚುಕ್ಕಿಗಳು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಆಮೇಲೆ ಎಂಜಿನ್ ಇಳಿಸಿದಾಗ ಎರಡು ರಿಂಗುಗಳ ನಡುವಿನ ಪಟ್ಟಿ ಒಂದು ಕಡೆ ಮುರಿದು ಹೋಗಿತ್ತು, ಸಿಲಿಂಡರ್ ಗೋಡೆ ಉದ್ದಕ್ಕೂ ಗೀಚಿತ್ತು. ರಿಂಗಿನ ಎರಡೂ ತುದಿ ಫಳಫಳ ಹೊಳೆಯುತ್ತಿದ್ದವು. ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ಡಿಕ್ಕಿ ಹೊಡೆದಿದೆ, ಹೋಗಲು ಜಾಗ ಇಲ್ಲದೆ ಪಿಸ್ಟನ್ನನ್ನೇ ಮುರಿದಿದೆ. ಇನ್ನೊಂದು ನೋಡಿ: ಡಿಸ್ಟ್ರಿಬ್ಯೂಟರ್ ಬೋಲ್ಟ್ ಮೇಲೆ ವರ್ಷಗಳ ಕೊಳೆ ಹಾಗೇ ಇತ್ತು, ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. 50ರ ಶಾಟ್‌ಗೆ ಈ ಬೋಲ್ಟ್ ಸಡಿಲಿಸಿ ಟೈಮಿಂಗನ್ನು, ಅಂದರೆ ಸ್ಪಾರ್ಕ್ ಬರುವ ಹೊತ್ತನ್ನು, 2 ಡಿಗ್ರಿಯಾದರೂ ತಡವಾಗಿಸುವುದು ವಾಡಿಕೆ. ಪ್ಲಗ್ ಒಂದು ಹಂತ ಕೋಲ್ಡ್ (ಬಿಸಿಯನ್ನು ಬೇಗ ಹೊರಕ್ಕೆ ಬಿಡುವ ಬಗೆ) ಇರಬೇಕು. ಇದ್ದದ್ದು ಕಂಪನಿಯ ಮಾಮೂಲಿ ಪ್ಲಗ್.

ಆದರೆ ಇದಕ್ಕಿಂತ ದೊಡ್ಡ ಕಾರಣ ಕಾರಿನ ಹಿಂದಿನ ಡಿಕ್ಕಿಯಲ್ಲಿತ್ತು. ಬಾಟಲಿ ಬೆಳಗಿನಿಂದ ಬಿಸಿಲಲ್ಲಿ ಕುದಿಯುತ್ತಿತ್ತು. ನೈಟ್ರಸ್ ಬಾಟಲಿಯೊಳಗೆ ದ್ರವವಾಗಿರಬೇಕು, ಒತ್ತಡ 900ರಿಂದ 1000 ಪಿಎಸ್‌ಐ ನಡುವೆ ಇದ್ದರೆ ಕಿಟ್ಟಿನ ಜೆಟ್ (ನೈಟ್ರಸ್, ಪೆಟ್ರೋಲ್ ಅಳತೆಯಾಗಿ ಬಿಡುವ ಸಣ್ಣ ರಂಧ್ರ) ಲೆಕ್ಕ ಸರಿಹೋಗುತ್ತದೆ. 36.4 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಸರ್ರನೆ ಏರುತ್ತದೆ. ಒತ್ತಡ ಜಾಸ್ತಿಯಾದರೆ ಜಾಸ್ತಿ ನೈಟ್ರಸ್ ನುಗ್ಗುತ್ತದೆ, ಪೆಟ್ರೋಲ್ ಮಾತ್ರ ಅಷ್ಟೇ. ಚಳಿ ದೇಶದವರು ಬಾಟಲಿಗೆ ಹೀಟರ್ ಸುತ್ತುತ್ತಾರೆ. ನಮ್ಮ ಬಯಲುಸೀಮೆ ಬೇಸಿಗೆಗೆ ಬೇಕಾದದ್ದು ಅದರ ಉಲ್ಟಾ. ಬಾಟಲಿಗೆ ಪ್ರೆಶರ್ ಗೇಜೇ ಇರಲಿಲ್ಲ. ಅದನ್ನು "ಎಕ್ಸ್‌ಟ್ರಾ" ಅಂತ ಬಿಲ್ಲಿನಿಂದ ತೆಗೆದಿದ್ದರು.

ಅದೇ ಹೊತ್ತಿಗೆ ಪೆಟ್ರೋಲ್ ಕಡೆ ಕಥೆ ಇನ್ನೂ ಕೆಟ್ಟದಿತ್ತು. ಪಂಪ್ ಕಾರಿನಷ್ಟೇ ಹಳೆಯದು, ಫಿಲ್ಟರ್ ಅರ್ಧ ಕಟ್ಟಿತ್ತು. ದಿನಾ ಓಡಿಸುವಾಗ ಇದು ಗೊತ್ತಾಗುವುದೇ ಇಲ್ಲ. ಎಂಜಿನ್ ಐಡ್ಲಿಂಗಿನಲ್ಲಿ ಒತ್ತಡ ಅಳೆದರೂ ಸರಿಯಾಗೇ ಕಾಣುತ್ತದೆ. ಫುಲ್ ಥ್ರಾಟಲ್‌ನಲ್ಲಿ, ಮೇಲಿನ ಆರ್‌ಪಿಎಂನಲ್ಲಿ ಅಳೆದರೆ ಮಾತ್ರ ಮುಳ್ಳು ಕೆಳಗೆ ಜಾರುವುದು ಕಾಣುತ್ತದೆ. ಆ ಪರೀಕ್ಷೆ ಮಾಡಿದ್ದೀರಾ ಅಂತ ಬಾಯಿಬಿಟ್ಟು ಕೇಳಿ.

ಎಂಜಿನ್ ಆಯಿಲ್ ಕುಡಿಯುತ್ತಿತ್ತು ಅಂತಲೂ ತಮ್ಮ ಮೊದಲೇ ಹೇಳಿದ್ದ. "ಹಳೇ ಗಾಡಿ ಅಲ್ವಾ" ಅಂತ ನಕ್ಕರಂತೆ. ಉರಿಯುವ ಪೆಟ್ರೋಲಿಗೆ ಆಯಿಲ್ ಆವಿ ಬೆರೆತರೆ ಆಕ್ಟೇನ್ (ಪೆಟ್ರೋಲ್ ತಾನಾಗಿ ಸಿಡಿಯದಂತೆ ತಡೆಯುವ ಗುಣ) ಇಳಿಯುತ್ತದೆ, ನಾಕಿಂಗ್ ಅನ್ನುವ ಆ ಸಿಡಿತ ಬೇಗ ಶುರುವಾಗುತ್ತದೆ. ಪಿಸ್ಟನ್ ಮೇಲೆ ಕೂತ ಕಾರ್ಬನ್ ಕೆಂಪಗೆ ಕಾದರೆ ಸ್ಪಾರ್ಕ್ ಬರುವ ಮುಂಚೆಯೇ ಬೆಂಕಿ ಹತ್ತುತ್ತದೆ. ಹಾಗಾಗಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಸದೆ ಮುಂದೆ ಹೆಜ್ಜೆ ಇಡಬೇಡಿ. ಎಂಜಿನ್ ಬಿಸಿಯಾಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು. ಸಿಲಿಂಡರುಗಳ ನಡುವೆ 10-15%ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಿಟ್ ಆಸೆ ಬಿಡಿ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಿ. ಅರ್ಧ ದಿನದ ಕೆಲಸ. ನಮಗೆ ಅದು ತಪ್ಪಿದ್ದಕ್ಕೆ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡ್ ಪೂರ್ತಿ ಪಿಸ್ಟನ್ ಹುಡುಕಿ ಅಲೆದು, ಕೊನೆಗೆ ಗುಜರಿಯ ಎಂಜಿನ್ ತಂದು ಕೂರಿಸಿದ್ದಾಯಿತು.

ಎಲ್ಲ ಸರಿ ಬಂದು, ಹಾಕಿಸಿಯೇ ಸಿದ್ಧ ಅನ್ನುವವರು ವಿಂಡೋ ಸ್ವಿಚ್ ಬೇಕೇಬೇಕು ಅಂತ ಹಟ ಹಿಡಿಯಿರಿ. 3000 ಆರ್‌ಪಿಎಂ ಕೆಳಗೆ ಮತ್ತು ರೆಡ್‌ಲೈನ್ (ಎಂಜಿನ್ ದಾಟಬಾರದ ಆರ್‌ಪಿಎಂ ಮಿತಿ) ಹತ್ತಿರ ಅದು ನೈಟ್ರಸ್ ಬಿಡುವುದಿಲ್ಲ. ಫುಲ್ ಥ್ರಾಟಲ್ ಇಲ್ಲದೆ ಗ್ಯಾಸ್ ಹೋಗದ ಹಾಗೆ ಇನ್ನೊಂದು ಸ್ವಿಚ್ ಇರಲಿ. ಸುಮ್ನೆ ಬಟನ್ ಒಂದನ್ನೇ ನಂಬಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಇನ್ಶೂರೆನ್ಸ್‌ನವರಿಗೆ ಅದೊಂದೇ ನೆಪ ಸಾಕು. ಸಾರ್ವಜನಿಕ ರಸ್ತೆಯಲ್ಲಂತೂ ಬೇಡವೇ ಬೇಡ.

ಬಾಟಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಅಂದರೆ ಕುತ್ತಿಗೆ ಹತ್ತಿರ ಒತ್ತಿರುವ ಪರೀಕ್ಷೆಯ ತಾರೀಖು ನೋಡಿ. ಒತ್ತಡ ಮಿತಿಮೀರಿದಾಗ ಒಡೆಯುವ ಸೇಫ್ಟಿ ಡಿಸ್ಕ್‌ನಿಂದ ಕಾರಿನ ಹೊರಕ್ಕೆ ಪೈಪ್ ಹೋಗಿದೆಯಾ ನೋಡಿ. ಮುಚ್ಚಿದ ಕಾರಿನೊಳಗೆ ಆ ಗ್ಯಾಸ್ ತುಂಬಿದರೆ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ. ನಮ್ಮ ಬಾಟಲಿಗೆ ಆ ಪೈಪ್ ಇರಲಿಲ್ಲ ಅನ್ನುವುದು ನಮಗೆ ಗೊತ್ತಾದದ್ದು ಅದನ್ನು ಬಿಚ್ಚಿದ ದಿನ.