ಪುಣೆಯ ಈ ಆಸ್ಪತ್ರೆಯ ಉದರ ಶಸ್ತ್ರಚಿಕಿತ್ಸಾ ವಿಭಾಗ: ರೋಗಿಯ ಕಡೆಯವನೊಬ್ಬನ ಅಭಿಪ್ರಾಯ

ಅಪರೂಪದ ಹೊಟ್ಟೆಯ ತೊಂದರೆಗಳನ್ನು ನೋಡುವ ವಿಭಾಗವೊಂದರ ಗುಣವನ್ನು ತಿಳಿಯಬೇಕಾದರೆ, ಅಲ್ಲಿ ಆಪರೇಷನ್ ಎಷ್ಟು ಬೇಗ ಆಯಿತು ಎಂಬುದಕ್ಕಿಂತ, ಆಪರೇಷನ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಗೆ ತೀರ್ಮಾನಿಸಿದರು ಎಂಬುದನ್ನು ನೋಡಬೇಕು. ಆ ಲೆಕ್ಕದಲ್ಲಿ ಈ ವಿಭಾಗಕ್ಕೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ. ಬಿಲ್ಲಿಂಗ್ ಕೌಂಟರಿಗೆ ಅಷ್ಟು ಕೊಡಲಾರೆ.

ರೋಗಿ ನನ್ನ ತಂಗಿಯ ಮಗಳು. ವಿಜಯಪುರದವಳು, ಪುಣೆಯ ಹಾಸ್ಟೆಲಿನಲ್ಲಿದ್ದು ಓದುತ್ತಿರುವವಳು. ಟೈಫಾಯ್ಡ್ ಬಂದು ಮೈ ತೀರಾ ಇಳಿದುಹೋದ ಮೇಲೆ, ಜ್ವರ ಬಿಟ್ಟರೂ ಊಟ ಸೇರದಾಯಿತು. ನಾಲ್ಕು ತುತ್ತು ತಿಂದರೆ ಹೊಟ್ಟೆಯ ಮೇಲ್ಭಾಗ ಉಬ್ಬಿ ನೋಯುತ್ತಿತ್ತು, ಸ್ವಲ್ಪ ಹೊತ್ತಿಗೆ ಹಸಿರು ಪಿತ್ತದ ವಾಂತಿಯಾಗುತ್ತಿತ್ತು, ವಾಂತಿಯ ಭಯಕ್ಕೆ ಅವಳು ಇನ್ನಷ್ಟು ಕಡಿಮೆ ತಿನ್ನುತ್ತಿದ್ದಳು. ಮೊದಲು ತೋರಿಸಿದ ಒಂದು ಕಡೆ ಅಸಿಡಿಟಿ ಎಂದರು. ಇನ್ನೊಂದು ಕಡೆ ಬಯಾಪ್ಸಿಯನ್ನೂ ಮಾಡದೆ ಕರುಳಿನ ಕ್ಷಯವೆಂದು ಮಾತ್ರೆ ಶುರು ಮಾಡಲು ಹೊರಟರು. ಮತ್ತೊಬ್ಬರು, ತೆಳ್ಳಗಾಗುವ ಹುಚ್ಚಿರಬೇಕು ಎಂದು ಹುಡುಗಿಯ ಎದುರೇ ನಕ್ಕರು.

ಇಲ್ಲಿಯ ಸರ್ಜನ್ ಕೇಳಿದ ಮೊದಲ ಪ್ರಶ್ನೆಗಳಲ್ಲೇ ಒಂದು ನನಗೆ ವಿಚಿತ್ರವೆನಿಸಿತು: ನೋವು ಬಂದಾಗ ಹೇಗೆ ಮಲಗುತ್ತೀ? ಬೋರಲು ಮಲಗಿದರೆ ಅಥವಾ ಮೊಣಕಾಲನ್ನು ಎದೆಗೆ ಎಳೆದುಕೊಂಡರೆ ಹಗುರಾಗುತ್ತದೆ ಎಂದು ಅವಳು ಹೇಳಿದಳು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಾದ್ದರಿಂದ ನಮಗೂ ಅದು ಹೇಳಬೇಕಾದ ಮಾತೆಂದು ಹೊಳೆದಿರಲಿಲ್ಲ. ಆ ಉತ್ತರ ಕೇಳಿ ಅವರಿಗೆ ಸುಪೀರಿಯರ್ ಮೆಸೆಂಟೆರಿಕ್ ಆರ್ಟರಿ ಸಿಂಡ್ರೋಮ್ ಎಂಬ ಅಪರೂಪದ ತೊಂದರೆಯ ಸಂಶಯ ಬಂತು. ಸಣ್ಣಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್, ಬೆನ್ನುಮೂಳೆಯ ಮುಂದಿರುವ ಮಹಾಪಧಮನಿ ಮತ್ತು ಅದರಿಂದ ಕವಲೊಡೆದು ಕೆಳಗಿಳಿಯುವ ಸುಪೀರಿಯರ್ ಮೆಸೆಂಟೆರಿಕ್ ಅಪಧಮನಿ ಇವೆರಡರ ನಡುವಿನ ಸಂದಿಯಲ್ಲಿ ಅಡ್ಡಲಾಗಿ ಹಾದುಹೋಗುತ್ತದೆ. ಆ ಸಂದಿಯನ್ನು ತೆರೆದಿಡುವುದು ಅಲ್ಲಿರುವ ಕೊಬ್ಬು. ಮೈ ಬೇಗನೆ ಇಳಿದಾಗ ಆ ಕೊಬ್ಬು ಕರಗಿ, ಅಡಕತ್ತರಿಯ ಬಾಯಿಗೆ ಸಿಕ್ಕ ಅಡಿಕೆಯ ಹಾಗೆ ಕರುಳು ಒತ್ತಿಹೋಗುತ್ತದೆ. 1927ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ಡೇವಿಡ್ ವಿಲ್ಕಿ ಇಂಥ 75 ರೋಗಿಗಳ ವಿವರ ಪ್ರಕಟಿಸಿದ್ದರಿಂದ ಇದಕ್ಕೆ ವಿಲ್ಕಿ ಸಿಂಡ್ರೋಮ್ ಎಂಬ ಹೆಸರೂ ಇದೆ.

ಸಂಶಯ ಬಂದ ಮೇಲೂ ಅವರು ಅದನ್ನೇ ಹಿಡಿದು ಹೊರಡಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಂಡದ್ದು. ಸಾಮಾನ್ಯವಾಗಿ ಆ ಎರಡು ರಕ್ತನಾಳಗಳ ನಡುವಿನ ಕೋನ 38ರಿಂದ 65 ಡಿಗ್ರಿ, ಅಂತರ 10ರಿಂದ 28 ಮಿಲಿಮೀಟರ್ ಇರುತ್ತದೆ. ರಕ್ತನಾಳಗಳನ್ನು ತೋರಿಸುವ ಸಿ.ಟಿ. ಆಂಜಿಯೊಗ್ರಾಮ್ ಸ್ಕ್ಯಾನಿನಲ್ಲಿ ಇವಳ ಕೋನ 16 ಡಿಗ್ರಿ, ಅಂತರ 5 ಮಿಲಿಮೀಟರ್ ಬಂತು. ನಾವು ರೋಗ ಸಿಕ್ಕಿತೆಂದು ನಿಟ್ಟುಸಿರು ಬಿಡುತ್ತಿರುವಾಗಲೇ, ಯಾವ ತೊಂದರೆಯೂ ಇಲ್ಲದ ತೆಳ್ಳಗಿನವರಲ್ಲೂ ಕೋನ ಕಿರಿದಾಗಿರಬಹುದು, ಕರುಳು ನಿಜವಾಗಿ ತಡೆಯಾಗಿದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು ಎಂದು ಅವರು ಬೇರಿಯಂ ದ್ರವ ಕುಡಿಸಿ ಅದು ಸಾಗುವ ದಾರಿಯನ್ನು ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆಗೆ ಕಳುಹಿಸಿದರು. ಪರದೆಯ ಮೇಲೆ ಬೇರಿಯಂ ಡ್ಯುಯೊಡಿನಮ್ಮಿನ ಮೂರನೆಯ ಭಾಗದಲ್ಲಿ ಗೆರೆ ಎಳೆದಂತೆ ನಿಂತು ಹಿಂದಕ್ಕೂ ಮುಂದಕ್ಕೂ ತುಯ್ದಾಡುತ್ತಿದ್ದುದು, ಹುಡುಗಿಯನ್ನು ಬೋರಲು ಮಲಗಿಸಿದಾಗ ಅದು ಮುಂದೆ ಸರಿದದ್ದು, ಎರಡನ್ನೂ ರೇಡಿಯಾಲಜಿಸ್ಟ್ ನಮಗೆ ತೋರಿಸಿದರು. ಎಂಡೋಸ್ಕೋಪಿಯಲ್ಲಿ ಹುಣ್ಣು, ಗಂಟು, ಕ್ಷಯದ ಸುಳಿವು ಯಾವುದೂ ಸಿಗಲಿಲ್ಲ. ಎಡ ಮೂತ್ರಪಿಂಡದ ರಕ್ತನಾಳವೂ ಅದೇ ಸಂದಿಯಲ್ಲಿ ಹಾಯುವುದರಿಂದ, ಅದೂ ಒತ್ತಿಹೋಗಿ ಮೂತ್ರದಲ್ಲಿ ರಕ್ತ ಬರುತ್ತಿದೆಯೇ ಎಂದೂ ನೋಡಿದರು. ಮನೋವೈದ್ಯರ ಬಳಿಗೂ ಕಳುಹಿಸಿದರು. ಆದರೆ ಅದು ಏಕೆಂದು ಮೊದಲೇ ವಿವರಿಸಿದ್ದರಿಂದ ಅವಳಿಗೆ ಅವಮಾನವೆನಿಸಲಿಲ್ಲ.

ರೋಗ ಖಚಿತವಾದ ಮೇಲೂ ಆಪರೇಷನ್ ತಾರೀಖು ಕೊಡಲಿಲ್ಲ. ತೂಕ ಹೆಚ್ಚಿದರೆ ಕೊಬ್ಬು ಮರಳಿ ಸಂದಿ ತಾನಾಗಿ ತೆರೆದುಕೊಳ್ಳುವ ಸಾಧ್ಯತೆ ಇರುವುದರಿಂದ, ತಡೆಯಾದ ಜಾಗವನ್ನು ದಾಟಿ ಮುಂದಿನ ಕರುಳಿಗೆ ಮುಟ್ಟುವಂತೆ ಮೂಗಿನಿಂದ ನಳಿಕೆ ಇಳಿಸಿ ಆಹಾರ ಕೊಡಲು ಆರಂಭಿಸಿದರು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯವಾಗಬಹುದಂತೆ. ಆದ್ದರಿಂದ ಮೊದಲ ದಿನಗಳಲ್ಲಿ ಥಯಮಿನ್ ಎಂಬ ವಿಟಮಿನ್ ಕೊಟ್ಟು, ದಿನವೂ ರಕ್ತ ಪರೀಕ್ಷಿಸಿ, ಪ್ರಮಾಣವನ್ನು ಹಂತಹಂತವಾಗಿ ಏರಿಸಿದರು. ವಾರಗಳು ಕಳೆದು ತೂಕ ಸ್ವಲ್ಪ ಏರಿದರೂ, ಬಾಯಿಂದ ತಿಂದದ್ದು ನಿಲ್ಲಲಿಲ್ಲ. ಆಗಲೇ ಶಸ್ತ್ರಚಿಕಿತ್ಸೆಯ ಮಾತು ಬಂದದ್ದು.

ಮಾಡಿದ್ದು ಲ್ಯಾಪ್ರೊಸ್ಕೋಪಿಕ್ ಡ್ಯುಯೊಡಿನೊ-ಜೆಜುನಾಸ್ಟಮಿ, ಅಂದರೆ ಒತ್ತಿಹೋದ ಜಾಗವನ್ನು ಮುಟ್ಟದೆ, ಅದರ ಹಿಂದೆ ಉಬ್ಬಿನಿಂತ ಡ್ಯುಯೊಡಿನಮ್ಮನ್ನು ಸಣ್ಣಕರುಳಿನ ಮುಂದಿನ ಭಾಗವಾದ ಜೆಜುನಮ್ಮಿಗೆ ನೇರವಾಗಿ ಜೋಡಿಸಿ ಆಹಾರಕ್ಕೆ ಬಳಸುದಾರಿ ಮಾಡುವುದು. ಕರುಳನ್ನು ಮೇಲಕ್ಕೆ ಹಿಡಿದಿಟ್ಟಿರುವ ಬಂಧನದಿಂದ ಬಿಡಿಸಿ ಕೆಳಗಿಳಿಸುವ ಇನ್ನೊಂದು ವಿಧಾನವೂ ಇದೆ, ಅದರಲ್ಲಿ ಕರುಳನ್ನು ಕತ್ತರಿಸುವುದೇ ಇಲ್ಲ, ಆದರೆ ತೊಂದರೆ ಮರುಕಳಿಸುವ ಸಂಭವ ಹೆಚ್ಚು ಎಂದು ತಿಳಿಸಿ, ಜೋಡಣೆ ಸೋರುವ ಅಪಾಯವನ್ನೂ ಮುಚ್ಚಿಡದೆ ಹೇಳಿಯೇ ಸಹಿ ಹಾಕಿಸಿಕೊಂಡರು. ಸೋರಿಕೆ ಇಲ್ಲವೆಂದು ಎಕ್ಸ್-ರೇಯಲ್ಲಿ ಖಚಿತವಾದ ಮೇಲೆ ನೀರು, ಆಮೇಲೆ ಗಂಜಿ, ತಿಳಿಸಾರು. ಈಗ ಅವಳು ಮೆಸ್ಸಿನ ಊಟ ಮಾಡುತ್ತಾಳೆ, ಮೆಸ್ಸಿನ ಊಟವನ್ನು ಬೈಯುತ್ತಲೂ ಇದ್ದಾಳೆ.

ಇನ್ನು ಕೊರತೆಗಳು. ವಾರ್ಡಿನಲ್ಲಿ ಬೆಳಗಾವಿ ಕಡೆಯ ಸಿಸ್ಟರ್ ಒಬ್ಬರು ಇರದಿದ್ದರೆ, ಮರಾಠಿ ಬಾರದ ನನ್ನ ತಂಗಿಗೆ ನಳಿಕೆ ತೊಳೆಯುವ ಕ್ರಮವನ್ನು ಕನ್ನಡದಲ್ಲಿ ಹೇಳಿಕೊಡುವವರೇ ಇರುತ್ತಿರಲಿಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಇಷ್ಟು ಜನ ಬರುವ ಆಸ್ಪತ್ರೆ ಅದನ್ನು ಅದೃಷ್ಟಕ್ಕೆ ಬಿಡಬಾರದು. ಡಯಟಿಷಿಯನ್ ಕೊಟ್ಟ ಚೀಟಿಯಲ್ಲಿ ಮೆತ್ತಗಿನ ಆಹಾರ ಎಂದಷ್ಟೇ ಇತ್ತು. ಜೋಳದ ರೊಟ್ಟಿ ಯಾವಾಗ ಕೊಡಬಹುದು ಎಂಬ ಪ್ರಶ್ನೆಗೆ ಫಾಲೋ-ಅಪ್‌ವರೆಗೂ ಉತ್ತರ ಸಿಗಲಿಲ್ಲ. ಡಿಸ್ಚಾರ್ಜ್ ಎಂದು ಬೆಳಿಗ್ಗೆ ಹೇಳಿದರೂ ಬಿಲ್ ಕೈಗೆ ಬಂದದ್ದು ಸಂಜೆ, ಅದರಲ್ಲೂ ಕರುಳು ಜೋಡಿಸುವ ಸ್ಟೇಪ್ಲರ್ ಮತ್ತಿತರ ಸಾಮಗ್ರಿಗಳ ಮೊತ್ತ ಮೊದಲಿನ ಅಂದಾಜಿನಲ್ಲಿ ಇರಲಿಲ್ಲ. ಮಹಾರಾಷ್ಟ್ರದ ಜನ ಆರೋಗ್ಯ ಯೋಜನೆಯಡಿ ನಮ್ಮ ಕರ್ನಾಟಕದ ರೇಷನ್ ಕಾರ್ಡ್ ನಡೆಯಲಿಲ್ಲ. ಇದು ಆಸ್ಪತ್ರೆಯ ತಪ್ಪಲ್ಲ, ಆದರೆ ದಾಖಲಾಗುವ ದಿನವೇ ಕೌಂಟರಿನವರು ತಿಳಿಸಬಹುದಿತ್ತು. ಊರಿನಿಂದ ಬರುವವರು ಹಳೆಯ ಸ್ಕ್ಯಾನಿನ ವರದಿಯ ಜೊತೆಗೆ ಸಿ.ಡಿ.ಯನ್ನೂ ತರಬೇಕು, ಏಕೆಂದರೆ ಇಲ್ಲಿಯ ಸರ್ಜನ್ ವರದಿಯನ್ನು ಬದಿಗಿಟ್ಟು ಚಿತ್ರಗಳನ್ನು ತಾವೇ ನೋಡುತ್ತಾರೆ.