ಸ್ಟೇಟಸ್ ಮೆಸೇಜ್ ಎಲ್ಲಿಗೆ ಕಳಿಸೋದು: ಸ್ಟ್ಯಾಂಡರ್ಡ್ ಔಟ್‌ಪುಟ್, ಕ್ವಯಟ್ ಫ್ಲಾಗ್, ಸ್ಟ್ಯಾಂಡರ್ಡ್ ಎರರ್

ಸಿಎಸ್‌ವಿ (ಕಾಮಾ ಹಾಕಿ ಬರೆದ ಟೇಬಲ್ ಫೈಲ್) ತೆಗೆಯೋ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಇದೆ ನನ್ ಹತ್ರ, ಅದ್ರಲ್ಲಿ "ಇಷ್ಟು ಫೈಲ್ ಮುಗೀತು" ಅನ್ನೋ ಥರದ ಮೆಸೇಜ್‌ಗಳನ್ನ ಮೂರೂ ಥರ ಕಳಿಸಿ ನೋಡಿದೆ.

ಎಲ್ಲಾನೂ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ (ಪ್ರೋಗ್ರಾಂ ತನ್ನ ಫಲಿತಾಂಶ ಹೊರಹಾಕೋ ಮಾಮೂಲಿ ದಾರಿ) ಸುರಿಯೋದು ಸುಲಭ, ಬರೀ ಪ್ರಿಂಟ್ ಹಾಕಿದ್ರೆ ಆಯ್ತು, ಟರ್ಮಿನಲ್‌ನಲ್ಲಿ ಚೆನ್ನಾಗೇ ಕಾಣುತ್ತೆ, ಆದ್ರೆ ಸ್ಕ್ರೀನ್ ಬದಲು ಫೈಲ್‌ಗೆ ರೀಡೈರೆಕ್ಟ್ ಮಾಡಿದ ತಕ್ಷಣ ಡೇಟಾ ಸಾಲುಗಳ ಮಧ್ಯೆ ಈ ಮೆಸೇಜ್‌ಗಳು ಅಕ್ಕಿಲಿ ಕಲ್ಲು ಸೇರಿದ ಹಾಗೆ. ಗ್ರೆಪ್ (ಪದ ಹುಡುಕಿ ಸಾಲು ಆರಿಸೋ ಕಮಾಂಡ್) ಹಾಕಿ ಆರಿಸ್ಬೋದು ಅಂತೀರಾ, ಮೆಸೇಜ್‌ನಲ್ಲಿ ಒಂದು ಪದ ಬದಲಾದ್ರೆ ಅದೂ ಕೈಕೊಡುತ್ತೆ. ಇದು ಹಳೇ ತಲೆನೋವು, 1970ರ ದಶಕದಲ್ಲಿ ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ ಫೋಟೋ ಟೈಪ್‌ಸೆಟ್ಟರ್‌ಗೆ (ಫೋಟೋ ಕಾಗದದ ಮೇಲೆ ಅಕ್ಷರ ಮೂಡಿಸೋ ಮಷಿನ್) ಡಾಕ್ಯುಮೆಂಟ್ ಕಳಿಸಿ, ಕಾಗದ ಡೆವಲಪ್ ಮಾಡಿ ನೋಡಿದ್ರೆ ಅಂದವಾಗಿ ಅಚ್ಚಾಗಿದ್ದಿದ್ದು ಫೈಲ್ ಓಪನ್ ಆಗ್ಲಿಲ್ಲ ಅನ್ನೋ ಒಂದೇ ಒಂದು ಸಾಲು, ಆ ಗೊಣಗಾಟದಿಂದ್ಲೇ ಸ್ಟ್ಯಾಂಡರ್ಡ್ ಎರರ್ (ಎರರ್ ಥರದ ಮೆಸೇಜ್‌ಗೆ ಅಂತಲೇ ಇರೋ ಇನ್ನೊಂದು ದಾರಿ) ಹುಟ್ಟಿದ್ದು ಅಂತ ಅಲ್ಲಿದ್ದ ಸ್ಟೀವ್ ಜಾನ್ಸನ್ ಹೇಳಿದಾರೆ.

ಕ್ವಯಟ್ ಫ್ಲಾಗ್, ಅಂದ್ರೆ ಕಮಾಂಡ್‌ಗೆ ಸುಮ್ನಿರು ಅಂತ ಹೇಳೋ ಆಪ್ಷನ್, ನಂಗೆ ಅಷ್ಟಕ್ಕಷ್ಟೇ. ನೆಟ್‌ನಿಂದ ಫೈಲ್ ಇಳಿಸೋ ಕರ್ಲ್‌ಗೆ ಸಣ್ಣ ಎಸ್ (-s) ಕೊಟ್ರೆ ಪ್ರೋಗ್ರೆಸ್ ಮೀಟರ್ ಜೊತೆ ಎರರ್ ಮೆಸೇಜೂ ಮಾಯ, ಅದನ್ನ ವಾಪಸ್ ತರಿಸೋಕೆ ಪಕ್ಕದಲ್ಲೇ ದೊಡ್ಡ ಎಸ್ (-S) ಬೇರೆ ಹಾಕ್ಬೇಕು. ಬಾಯಿ ಮುಚ್ಚು ಅಂದ್ರೆ ಕಂಪ್ಲೇಂಟೂ ಹೇಳ್ಬಾರ್ದಾ?

ಸ್ಟ್ಯಾಂಡರ್ಡ್ ಎರರೇ ಗೆಲ್ಲೋದು, ಪೈಪ್‌ಗೆ (ಒಂದು ಕಮಾಂಡ್‌ನ ಔಟ್‌ಪುಟ್ ಇನ್ನೊಂದಕ್ಕೆ ದಾಟಿಸೋದು) ಬರೀ ಡೇಟಾ ಹೋಗುತ್ತೆ, ಮೆಸೇಜ್ ಸ್ಕ್ರೀನ್ ಮೇಲೇ ಉಳಿಯುತ್ತೆ. ಕಿರಿಕಿರಿ ಇಲ್ವೇ ಇಲ್ಲ ಅಂತಲ್ಲ. ವಿಡಿಯೋ ಕನ್ವರ್ಟ್ ಮಾಡೋ ಎಫ್‌ಎಫ್‌ಎಂಪೆಗ್ ತನ್ನ ಮಾತನ್ನೆಲ್ಲಾ ಅಲ್ಲಿಗೇ ಬರಿಯುತ್ತೆ, ವಿಡಿಯೋ ಎಷ್ಟು ಉದ್ದ ಅಂತ ಗ್ರೆಪ್ ಮಾಡೋಕೆ ಹೋದ್ರೆ ಏನೂ ಸಿಗಲ್ಲ, ಪೈಪ್‌ಗೆ ಮುಂಚೆ, ಎರರನ್ನೂ ಔಟ್‌ಪುಟ್ ದಾರಿಗೇ ಸೇರಿಸೋ 2>&1 ಹಾಕ್ಬೇಕು (ಉದ್ದ ಮಾತ್ರ ಬೇಕಿದ್ರೆ ಅದರ ಜೊತೆಗೇ ಬರೋ ಎಫ್‌ಎಫ್‌ಪ್ರೋಬ್ ವಾಸಿ, ಅದು ಕೇಳಿದ್ದನ್ನ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ ಕೊಡುತ್ತೆ). ಫೈಲ್‌ಗೆ ಹಾಕೋವಾಗ ಇದೇ 2>&1 ಅನ್ನ ರೀಡೈರೆಕ್ಟ್ ಆದ್ಮೇಲೆ ಬರೀಬೇಕು, ಮುಂಚೆ ಬರೆದ್ರೆ ಎರರ್ ಟರ್ಮಿನಲ್‌ಗೇ ಬರುತ್ತೆ. ಎರಡೂ ಒಂದೇ ಫೈಲ್‌ಗೆ ಹೋದ್ರೆ ಸಾಲುಗಳು ಹಿಂದೆಮುಂದೆ ಆಗ್ಬೋದು, ಯಾಕಂದ್ರೆ ಫೈಲ್‌ಗೆ ಹೋಗೋ ಔಟ್‌ಪುಟ್ ಬಫರ್‌ನಲ್ಲಿ (ಒಟ್ಟಿಗೆ ಬರೆಯೋಕೆ ಕೂಡಿಡೋ ಮೆಮೊರಿ) ಕೂತಿರುತ್ತೆ, ಎರರ್ ಅಷ್ಟೊತ್ತು ಕಾಯಲ್ಲ. ಇನ್ನು ಹೇಳಿದ ಟೈಮ್‌ಗೆ ತಾನೇ ಕೆಲಸ ಓಡ್ಸೋ ಕ್ರಾನ್‌ನಲ್ಲಿ ಓಡ್ಸಿದ್ರೆ, ಡೇಟಾ ಫೈಲ್‌ಗೆ ಹೋದ್ರೂ "ಮುಗೀತು ಮುಗೀತು" ಅಂತ ಮೇಲ್ ಬರುತ್ತೆ.

ಇದಕ್ಕೆ ಗಿಟ್ (ಕೋಡ್‌ನ ವರ್ಷನ್‌ಗಳನ್ನ ನೋಡ್ಕೊಳ್ಳೋ ಟೂಲ್) ಮಾಡಿರೋದು ಇಷ್ಟ ಆಯ್ತು, ಸ್ಟ್ಯಾಂಡರ್ಡ್ ಎರರ್ ಟರ್ಮಿನಲ್‌ಗೆ ಕನೆಕ್ಟ್ ಆಗಿದ್ರೆ ಮಾತ್ರ ಪ್ರೋಗ್ರೆಸ್ ತೋರ್ಸುತ್ತೆ, ಇಲ್ಲಾಂದ್ರೆ ಸುಮ್ನಿರುತ್ತೆ. ಪೈಥಾನ್‌ನಲ್ಲಿ ಐಸ್-ಎ-ಟಿಟಿವೈ (isatty, ಆ ಕಡೆ ಇರೋದು ಟರ್ಮಿನಲ್ಲಾ ಅಂತ ಕೇಳೋದು) ಅಂತ ಒಂದು ಚೆಕ್ ಅಷ್ಟೇ. ನನ್ ಸ್ಕ್ರಿಪ್ಟೂ ಈಗ ಹಾಗೇ ಇದೆ, ನಿಜವಾದ ಎರರ್‌ಗೆ ಮಾತ್ರ ಆ ಚೆಕ್ ಹಾಕಿಲ್ಲ, ಅದು ಕ್ರಾನ್ ಮೇಲ್‌ನಲ್ಲೂ ಬರ್ಲಿ.