ಟೊಯೊಟಾ 86ಕ್ಕೆ ಎರಡು ಸೆಟ್ ಅಲಾಯ್, ನಾಲ್ಕು ವರ್ಷ: ಮೊದಲು ಆಫ್‌ಸೆಟ್ ನೋಡಿ

86 ಅಂದರೆ ಟೊಯೊಟಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಈಗ ನನ್ನ 86ರಲ್ಲಿರುವುದು 17 ಇಂಚಿನ, 8 ಇಂಚು ಅಗಲದ, ಪ್ಲಸ್ 45 ಆಫ್‌ಸೆಟ್‌ನ ಅಲಾಯ್ ವೀಲ್. ಆಫ್‌ಸೆಟ್ ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ, ಲೆಕ್ಕ ಕೆಳಗಿದೆ. ಮೂರು ವರ್ಷ, 38 ಸಾವಿರ ಕಿಲೋಮೀಟರ್ ಆಯಿತು. ಅದಕ್ಕೂ ಮೊದಲು ಒಂದು ವರ್ಷ 18 ಇಂಚಿನ ಸೆಟ್ ಹಾಕಿಕೊಂಡಿದ್ದೆ. ಎರಡರಲ್ಲೂ ಸಾಕಷ್ಟು ಓಡಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಲೆಮಾರಿನ 86ಕ್ಕೆ ಕಂಪನಿ ಕೊಡುತ್ತಿದ್ದದ್ದು 17 ಇಂಚು, 7 ಅಗಲ, ಪ್ಲಸ್ 48. ಟೈರ್ 215/45 ಆರ್17, ಅಂದರೆ ಅಗಲ 215 ಮಿ.ಮೀ., ಗೋಡೆಯ ಎತ್ತರ ಅದರ 45 ಪರ್ಸೆಂಟ್, 17 ಇಂಚಿನ ರಿಮ್‌ಗೆ. ಓಡಿಸೋಕೆ ಚೆನ್ನಾಗಿಯೇ ಇತ್ತು. ಆದರೆ ಚಕ್ರಗಳು ಫೆಂಡರ್ (ಚಕ್ರದ ಮೇಲಿನ ಬಾಡಿ ಕಮಾನು) ಒಳಗೆ ಮುದುಡಿ ಕೂತ ಹಾಗೆ ಕಾಣುತ್ತವೆ, ನನಗೆ ಅದು ಹಿಡಿಸುತ್ತಿರಲಿಲ್ಲ. ಹಾಗಾಗಿ 18 ಇಂಚು, 9.5 ಅಗಲ, ಪ್ಲಸ್ 38ರ ಸೆಟ್ ತಂದೆ, ಮೇಲೆ 245/35 ಟೈರ್. ಮಾರಿದವರು "ಏನೂ ತೊಂದರೆ ಇಲ್ಲ, ಆರಾಮಾಗಿ ಕೂರುತ್ತೆ" ಅಂದರು. ಕೂತಿತು ಕೂಡ. ನಿಂತಿದ್ದಾಗ ಕಾರು ನೋಡೋಕೆ ಎರಡು ಕಣ್ಣು ಸಾಲದು.

ಓಡಿಸಿದಾಗ ಕಥೆಯೇ ಬೇರೆ. ಇಬ್ಬರು ಕೂತು ಒಂದು ಉಬ್ಬು ದಾಟಿದರೆ ಮುಂದಿನ ಎಡಗಡೆಯಿಂದ "ಜರ್ರ್" ಅಂತ ಸದ್ದು. ವಾರದ ಮೇಲೆ ಚಕ್ರ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಫೆಂಡರ್ ಒಳಗಿನ ಪ್ಲಾಸ್ಟಿಕ್ ಲೈನರ್ ಎಲ್ಲಾ ಕಡೆ ಧೂಳು ಹಿಡಿದು ಮಂಕಾಗಿತ್ತು, ಒಂದೇ ಒಂದು ಕಡೆ ಅಂಗೈ ಅಗಲದಷ್ಟು ಜಾಗ ಮಾತ್ರ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಕೆಳಗಿನ ಅಂಚಿನಲ್ಲಿ ರಬ್ಬರ್ ಪುಡಿ. ಟೈರ್‌ನ ಹೊರ ಭುಜದ ಮೇಲೆ ಸುತ್ತಲೂ ಒಂದು ಸಣ್ಣ ಗೀರು.

ಆ ದಿನವೇ ಕೂತು ಲೆಕ್ಕ ಹಾಕಿದೆ. ಕೊಳ್ಳುವ ಮೊದಲೇ ಹಾಕಬೇಕಿತ್ತು. ಆಫ್‌ಸೆಟ್ ಅಂದರೆ ಇಷ್ಟೇ: ವೀಲ್‌ನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ, ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ ನಡುಭಾಗಕ್ಕೆ) ಅಂಟಿ ಕೂರುವ ಮುಖ ಆ ಗೆರೆಯಿಂದ ಹೊರಗಡೆಗೆ ಎಷ್ಟು ಮಿಲಿಮೀಟರ್ ಇದೆಯೋ ಅದು ಪ್ಲಸ್ ಆಫ್‌ಸೆಟ್. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಅಗಲ ಹೆಚ್ಚಿದರೆ ಅದರಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ಹೋಗುತ್ತದೆ. ನನ್ನ ಸೆಟ್ ಕಂಪನಿಯದಕ್ಕಿಂತ 2.5 ಇಂಚು ಜಾಸ್ತಿ ಅಗಲ, ಅಂದರೆ 63.5 ಮಿ.ಮೀ. ಅದರ ಅರ್ಧ ಸುಮಾರು 32. ಜೊತೆಗೆ ಆಫ್‌ಸೆಟ್ 48ರಿಂದ 38ಕ್ಕೆ ಇಳಿದದ್ದರಿಂದ ಇನ್ನೂ 10. ಒಟ್ಟು ಹೊರ ಅಂಚು ಹತ್ತಿರ ಹತ್ತಿರ 42 ಮಿ.ಮೀ. ಆಚೆ ಬಂದಿತ್ತು! ಸಸ್ಪೆನ್ಷನ್ ಕಂಪನಿಯದೇ, ಕ್ಯಾಂಬರ್, ಅಂದರೆ ಚಕ್ರ ಒಳಗೆ ಹೊರಗೆ ವಾಲಿರುವ ಕೋನ, ಕೂಡ ಕಂಪನಿಯದೇ. ಉಜ್ಜದೆ ಇನ್ನೇನಾಗುತ್ತದೆ?

ಉಜ್ಜುವುದೊಂದೇ ಆಗಿದ್ದರೆ ಹೇಗೋ ಸರಿ ಮಾಡಬಹುದಿತ್ತು. ನನಗೆ ನಿಜವಾಗಿ ಬೇಸರವಾದದ್ದು ಸ್ಟೀರಿಂಗ್. ಈ ಕಾರನ್ನು ಕೊಳ್ಳುವುದೇ ಅದರ ಸ್ಟೀರಿಂಗ್‌ಗಾಗಿ ಅಲ್ವಾ. ಚಕ್ರ ಹೊರಗೆ ಸರಿದಾಗ, ಸ್ಟೀರಿಂಗ್ ತಿರುಗುವ ಅಕ್ಷ ನೆಲಕ್ಕೆ ತಾಗುವ ಬಿಂದುವಿಗೂ ಟೈರ್‌ನ ನಡುವಿಗೂ ಇರುವ ಅಂತರ, ಅಂದರೆ ಸ್ಕ್ರಬ್ ರೇಡಿಯಸ್, ಬದಲಾಗುತ್ತದೆ. ರಸ್ತೆಯಲ್ಲಿ ಒಂದು ಸಣ್ಣ ಗೆರೆ ಇದ್ದರೂ ಕಾರು ಆ ಕಡೆ ಎಳೆಯೋದು. ಒಂದೇ ಚಕ್ರ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಲ್ಲಿ ಜಗ್ಗೋದು. ಒಂದು ಗಂಟೆ ಓಡಿಸಿದರೆ ಕೈ ಸೋಲುತ್ತಿತ್ತು. ಆಮೇಲೆ ಒಂದು ರಾತ್ರಿ ಕಾಣದ ಗುಂಡಿಯೊಂದು ಸಿಕ್ಕಿ ಮುಂದಿನ ರಿಮ್ ಒಳ ಅಂಚು ಬಗ್ಗಿತು. 245/35ರಲ್ಲಿ ಟೈರ್ ಗೋಡೆಯ ಎತ್ತರ 86 ಮಿ.ಮೀ. ಮಾತ್ರ, ಹೊಡೆತ ಸೀದಾ ಲೋಹಕ್ಕೆ ಹೋಗುತ್ತದೆ. ಆ ಸೆಟ್ ಅಲ್ಲಿಗೆ ಮುಗಿಯಿತು.

ಎರಡನೇ ಸಲ ಅಂಗಡಿಯ ಮಾತು ಕೇಳಲಿಲ್ಲ, ಅಳತೆ ತೆಗೆದುಕೊಂಡೇ ಹೋದೆ. ಕಂಪನಿಯ ಹಳೇ ಚಕ್ರ ಕೂರಿಸಿ, ಫೆಂಡರ್ ಅಂಚಿನಿಂದ ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು, ಟೈರ್ ಎಷ್ಟು ಒಳಗಿದೆ ಅಂತ ಅಳೆದೆ. ಒಳಗಡೆಗೆ ಮಕ್ಕಳು ಆಡುವ ಮೆತ್ತನೆಯ ಜೇಡಿಯನ್ನು ಉಂಡೆ ಮಾಡಿ ಸ್ಟ್ರಟ್ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬ) ಮೇಲೆ, ಟೈರ್‌ಗೆ ಎದುರಾಗಿ ಅಂಟಿಸಿದೆ. ಚಕ್ರ ಹಾಕಿ, ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಬಿಚ್ಚಿ ನೋಡಿದರೆ ಉಂಡೆ ಚಪ್ಪಟೆಯಾಗಿತ್ತು. ಉಳಿದ ದಪ್ಪವೇ ನಿಮಗಿರುವ ಜಾಗ. ಐದು ನಿಮಿಷದ ಕೆಲಸ, ಯಾವ ಕಾರಿಗೂ ನಡೆಯುತ್ತದೆ.

17ಕ್ಕೆ 8, ಪ್ಲಸ್ 45 ಬಂದದ್ದು ಹೀಗೆ. ಕಂಪನಿಯದಕ್ಕಿಂತ ಹೊರಗೆ 15.7 ಮಿ.ಮೀ., ಒಳಗೆ 9.7 ಮಿ.ಮೀ. ಜಾಸ್ತಿ, ಅಷ್ಟೇ. ಟೈರ್ 225/45. ಸುತ್ತಳತೆ ಕಂಪನಿಯದಕ್ಕಿಂತ ಸುಮಾರು ಒಂದೂವರೆ ಪರ್ಸೆಂಟ್ ದೊಡ್ಡದು, ಸ್ಪೀಡೋಮೀಟರ್‌ನಲ್ಲಿ ಹೆಚ್ಚೇನೂ ಗೊತ್ತಾಗಲ್ಲ. ಗೋಡೆಯ ಎತ್ತರ 101 ಮಿ.ಮೀ. ಇದೆ. ಮೂರು ವರ್ಷದಲ್ಲಿ ಒಂದು ರಿಮ್ಮೂ ಬಗ್ಗಿಲ್ಲ, ಒಮ್ಮೆಯೂ ಉಜ್ಜಿಲ್ಲ. ಇವು ಫ್ಲೋ ಫಾರ್ಮ್ ಮಾಡಿದ, ಅಂದರೆ ಎರಕ ಹೊಯ್ದ ಮೇಲೆ ತಿರುಗಿಸುತ್ತಾ ರೋಲರ್‌ನಿಂದ ಒತ್ತಿ ರಿಮ್ ತೆಳುವಾಗಿಸಿದ ವೀಲ್‌ಗಳು. ತೂಗಿ ನೋಡಿದಾಗ ಟೈರ್ ಸಮೇತ 18ರ ಸೆಟ್‌ಗಿಂತ ಒಂದೊಂದು ಚಕ್ರವೂ 3 ಕಿಲೋಗಿಂತ ಜಾಸ್ತಿ ಹಗುರ. ಸಣ್ಣ ಸಣ್ಣ ಉಬ್ಬುತಗ್ಗುಗಳ ಮೇಲೆ ಹೋಗುವಾಗ ಅದು ಎದ್ದು ಗೊತ್ತಾಗುತ್ತದೆ. ಕಾರು ಕುಪ್ಪಳಿಸಲ್ಲ, ಚಕ್ರ ನೆಲ ಬಿಡಲ್ಲ. ಸ್ಟೀರಿಂಗ್ ಮೊದಲಿನ ಹಾಗೇ ಹಗುರವಾಗಿ, ಸ್ಪಷ್ಟವಾಗಿ ಮಾತಾಡುತ್ತದೆ. ಆ ಖುಷಿ ವಾಪಸ್ ಸಿಕ್ಕಿತಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ತಿಂಗಳು ಒಂದು ಕಿರಿಕಿರಿ ಇತ್ತು. ತೊಂಬತ್ತು ದಾಟಿದರೆ ಸ್ಟೀರಿಂಗ್ ನಡುಗುತ್ತಿತ್ತು. ಎರಡು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗಲಿಲ್ಲ. ಕಾರಣ ನಡುವಿನ ತೂತು: ಕಾರಿನ ಹಬ್ 56.1 ಮಿ.ಮೀ., ವೀಲ್‌ನ ತೂತು 73.1. ಕೂರಿಸಿದವರು ನಡುವೆ ರಿಂಗ್ ಹಾಕಿರಲೇ ಇಲ್ಲ. ಸರಿಯಾದ ಅಳತೆಯ ಅಲ್ಯೂಮಿನಿಯಂ ರಿಂಗ್ ತಂದು ಹಾಕಿದೆ, ನಡುಕ ಅವತ್ತೇ ನಿಂತಿತು. ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ. ಈ ಕಾರಿಗೆ ಬೇಕಾದದ್ದು 5 ಬೋಲ್ಟ್, 100 ಪಿಸಿಡಿ (ಬೋಲ್ಟ್‌ಗಳ ನಡುವಿನ ಮೂಲಕ ಹಾದುಹೋಗುವ ವೃತ್ತದ ವ್ಯಾಸ, ಮಿ.ಮೀ.ನಲ್ಲಿ). 114.3 ಪಿಸಿಡಿಯವು ಎಷ್ಟು ಚೆನ್ನಾಗಿ ಕಂಡರೂ ಸುಮ್ನೆ ಆಸೆ ಪಡಬೇಡಿ.

ಕೊರತೆ ಅಂದರೆ ಬಣ್ಣ. ಸ್ಪೋಕ್ ಅಂಚುಗಳಲ್ಲಿ ಕಲ್ಲು ಬಡಿದು ಅಲ್ಲಲ್ಲಿ ಎದ್ದಿದೆ. ಒಳಗಡೆ ಬ್ರೇಕ್ ಧೂಳು ಕೂತು ಬಿಡುವುದೇ ಇಲ್ಲ. ಮತ್ತೆ, ಚಕ್ರ ಇನ್ನೂ ಫೆಂಡರ್‌ಗೆ ಪೂರ್ತಿ ಸಮ ಬಂದಿಲ್ಲ, ಸ್ವಲ್ಪ ಒಳಗೇ ಇದೆ.

9 ಅಗಲ, ಪ್ಲಸ್ 42 ಹೇಗೆ ಅಂತ ಕೇಳುವವರಿಗೆ: ಹೊರಗೆ 31 ಮಿ.ಮೀ., ಒಳಗೆ 19 ಮಿ.ಮೀ. ಜಾಸ್ತಿಯಾಗುತ್ತದೆ. ಟ್ರ್ಯಾಕ್‌ನಲ್ಲಿ ಓಡಿಸುವವರು 245/40 ಹಾಕಿ, ಮುಂದೆ ಕ್ಯಾಂಬರ್ ಬೋಲ್ಟ್ ಹಾಕಿಸಿ ಇದನ್ನು ಬಳಸಬಹುದು, ಹಿಡಿತ ಖಂಡಿತ ಜಾಸ್ತಿ. ದಿನಾ ಓಡಿಸುವ ಕಾರಿಗೆ ನಾನಂತೂ ಹಾಕಲ್ಲ. ಟೈರ್ ಸವೆದಿದೆ, ಮುಂದಿನ ತಿಂಗಳು ಹೊಸದು ಬರುತ್ತದೆ, ಮತ್ತೆ ಅದೇ 225/45, ಅದೇ ವೀಲ್ ಮೇಲೆ.